ಚೈನಿನ ಬಿಗಿ, ನನ್ನ ಭಾರ

ನಮ್ಮವರು ಮೋಟರ್ ಸೈಕಲ್ ಕೊಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಲ್ಲಿಯವರೆಗೆ ಮುಳಬಾಗಿಲಿನಲ್ಲಿ ಪುರೋಹಿತರೆಂದರೆ ಸೈಕಲ್ಲು, ದೂರವಾದರೆ ಬಸ್ಸು. ಶ್ರೀನಿವಾಸಪುರದ ಕಡೆ ಹಳ್ಳಿಹಳ್ಳಿಗಳಲ್ಲಿ ಇವರನ್ನು ಕರೆಯುವ ಮನೆಗಳಿದ್ದವು. ಬೆಳಗಿನ ಮುಹೂರ್ತಕ್ಕೆಂದು ಬಸ್ಸನ್ನು ನಂಬಿ ಹೋಗಿ, ತಾಳಿ ಕಟ್ಟಿಸುವ ಹೊತ್ತಿಗೆ ತಲುಪದೆ ನೇರ ಊಟದ ಪಂಕ್ತಿಗೇ ತಲುಪಿದ್ದೂ ಉಂಟು. ಹಾಗಾಗಿ ರೇಷ್ಮೆಗೂಡಿನ ವ್ಯಾಪಾರದ ಪರಿಚಯಸ್ಥರೊಬ್ಬರು ತಮ್ಮ ಹಳೆಯ ಬೈಕನ್ನು ಕೊಡುತ್ತೇನೆಂದಾಗ ಇವರು ಪಂಚಾಂಗವನ್ನೂ ತೆಗೆಯದೆ ಒಪ್ಪಿಕೊಂಡುಬಿಟ್ಟರು. ಊರಿಗೆಲ್ಲ ಒಳ್ಳೆಯ ಗಳಿಗೆ ನೋಡಿಕೊಡುವವರು ತಮ್ಮ ಗಾಡಿಯನ್ನು ಮನೆಗೆ ತಂದದ್ದು ಸರಿಯಾಗಿ ರಾಹುಕಾಲದಲ್ಲಿ.

"ಏನ್ರೀ, ಈಗ ರಾಹುಕಾಲ ಅಲ್ವಾ?" ಅಂದೆ.

"ಯಂತ್ರಕ್ಕೆಲ್ಲ ರಾಹುಕಾಲ ಬರಲ್ಲ ಕಣೇ. ಒಂದ್ ನಿಂಬೆಹಣ್ಣು ತಗೊಂಡ್ಬಾ," ಅಂದರು.

ನಾನು ಆಗ ಶಾಲೆಯಲ್ಲಿ ಕನ್ನಡ ಮೇಡಂ. ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ದಪ್ಪ. ಮೊದಲಿನಿಂದಲೂ ದಪ್ಪ. ನಮ್ಮವರು ಒಣಗಲು ಹಾಕಿದ ದರ್ಭೆಯ ಹಾಗೆ. ಮದುವೆಯ ಫೋಟೋದಲ್ಲಿ ಅವರ ಪೇಟವೊಂದೇ ನನಗೆ ಸರಿಸಮನಾಗಿ ಕಾಣುತ್ತದೆ. ಇದರಿಂದ ನನಗೆ ಎಂದೂ ಬೇಜಾರಾಗಿರಲಿಲ್ಲ. ಬೇಜಾರು ಶುರುವಾದದ್ದು ಬೈಕು ಬಂದ ಮೇಲೆ.

ಬೈಕಿನಲ್ಲಿ ಎಂಜಿನ್ನಿನ ಓಟವನ್ನು ಹಿಂದಿನ ಚಕ್ರಕ್ಕೆ ತಲುಪಿಸುವುದು ಚೈನು. ಓಡುತ್ತ ಓಡುತ್ತ ಅದು ಹಿಗ್ಗಿ ಸಡಿಲಾಗುತ್ತದೆ. ಆಗ ಹಿಂದಿನ ಚಕ್ರದ ನಟ್ಟನ್ನು ಬಿಚ್ಚಿ, ಚಕ್ರವನ್ನು ಕೊಂಚ ಹಿಂದಕ್ಕೆಳೆದು, ಎರಡೂ ಬದಿಯ ಗೀಟುಗಳು ಸಮ ಇವೆಯೇ ನೋಡಿ ಮತ್ತೆ ಬಿಗಿಯಬೇಕು. ಚೈನನ್ನು ಮುಚ್ಚುವ ತಗಡಿನ ಕವರಿನಲ್ಲಿ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ. ಬಿರಡೆ ಕಿತ್ತು, ಬೆರಳು ತೂರಿಸಿ, ಚೈನನ್ನು ಮೇಲೆ ಕೆಳಗೆ ಆಡಿಸಿ ನೋಡಿದರೆ ಎಷ್ಟು ಸಡಿಲವಿದೆಯೆಂದು ಗೊತ್ತಾಗುತ್ತದೆ. ಇಷ್ಟೇ ಕೆಲಸ. ನಮ್ಮವರ ಕೈಯಲ್ಲಿ ಇದೊಂದು ವ್ರತವಾಯಿತು.

ಪ್ರತಿ ಭಾನುವಾರ ಬೆಳಗ್ಗೆ, ಸ್ನಾನಕ್ಕೆ ಮೊದಲು, ಹಳೆಯ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಬೈಕನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಣೆ ಹಾಕಿಕೊಂಡು ಕೂರುತ್ತಿದ್ದರು. ಮಣೆ ದೇವರ ಮನೆಯದು. ಚೈನಿಗೆ ಹಾಕುವ ಎಣ್ಣೆ ಶನಿದೇವರ ದೀಪದಲ್ಲಿ ಉಳಿದ ಎಳ್ಳೆಣ್ಣೆ. "ದೇವರ ಎಣ್ಣೆ ಚೈನಿಗಾ?" ಅಂದರೆ, "ಶನಿ ಹಿಡಿಯೋದು ಚಕ್ರಕ್ಕೇ ತಾನೇ," ಅನ್ನುತ್ತಿದ್ದರು. ಆಮೇಲೆ ಬೆರಳು ತೂರಿಸಿ, ಕಣ್ಣುಮುಚ್ಚಿ ಚೈನನ್ನು ಮುಟ್ಟಿ ನೋಡುವುದು. ಒಂದಿಷ್ಟೇ ಇಷ್ಟು ಅಲ್ಲಾಡಿದರೂ ಅವರಿಗೆ ಸಮಾಧಾನವಿಲ್ಲ. ಚೈನು ತಂಬೂರಿ ತಂತಿಯ ಹಾಗಿರಬೇಕು ಎಂಬುದು ಅವರ ಮತ. ಸ್ಪ್ಯಾನರ್ ಹಿಡಿದು ಬಿಗಿಯುತ್ತಿದ್ದರು, ಮುಂದಿನ ಭಾನುವಾರ ಇನ್ನಷ್ಟು ಬಿಗಿಯುತ್ತಿದ್ದರು.

ಅವರೊಬ್ಬರೇ ಹೋದರೆ ಗಾಡಿ ಸದ್ದಿಲ್ಲದೆ ಹೋಗುತ್ತಿತ್ತು. ನಾನು ಹಿಂದೆ ಕೂತೆನೋ, ಕೆಳಗಿನಿಂದ ಗೊರ್ ಗೊರ್ ಎಂದು ಒಂದು ನರಳಾಟ. ಗುಂಡಿ ಇಳಿದಾಗಲೆಲ್ಲ ಕಟ್ ಕಟ್ ಎನ್ನುವುದು. ಪರೀಕ್ಷೆ ಅಲ್ಲಿಗೇ ಮುಗಿಯಿತು. ಗಾಡಿಯಲ್ಲಿ ದೋಷವಿಲ್ಲ, ದೋಷ ಹಿಂದಿನ ಸೀಟಿನಲ್ಲಿದೆ ಎಂದು ನಮ್ಮವರು ತೀರ್ಪು ಕೊಟ್ಟರು.

"ಬೆಳಗ್ಗೆ ಮೂರು ದೋಸೆ ಬೇಕಾ ನಿಂಗೆ?" ಎಂಬಲ್ಲಿಗೆ ಮಾತು ಬಂತು.

"ಹುಯ್ಯೋಳು ನಾನು. ಎಷ್ಟು ತಿಂತೀನಿ ಅಂತ ಎಣಿಸೋಕೆ ನೀವ್ಯಾರ್ರೀ?"

ನನ್ನ ತಮ್ಮ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಹತ್ತಿರವೂ ಇಂಥದೇ ಬೈಕಿತ್ತು. ಅದರ ಚೈನು ಎಷ್ಟು ಸಡಿಲವೆಂದರೆ, ಅವನು ಬಂದರೆ ನಮ್ಮ ಬೀದಿಯ ಕೊನೆಯಿಂದಲೇ ಟಪಟಪ ಎಂದು ಕವರಿಗೆ ಬಡಿಯುವುದು ಕೇಳಿಸುತ್ತಿತ್ತು, ನಾನು ಕಾಫಿಗೆ ಇಡುತ್ತಿದ್ದೆ. ಬಂದವನೇ ನಮ್ಮವರ ಗಾಡಿಯ ಬಿರಡೆ ಕಿತ್ತು ಬೆರಳು ಹಾಕಿ, "ಭಾವ, ಏನಿದು? ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ಲ," ಅಂದ.

"ನಿನ್ನ ಗಾಡಿ ಹಂಗೆ ಲಂಗೋಟಿ ಬಿಚ್ಚಿಕೊಂಡು ಓಡ್ಬೇಕೇನಯ್ಯ?"

"ಸಡಿಲ ಇದ್ರೆ ಸದ್ದು ಮಾಡುತ್ತೆ, ಅಷ್ಟೇ. ಬಿಗಿ ಇದ್ರೆ ಬೇರಿಂಗ್ ತಿನ್ನುತ್ತೆ ಭಾವ."

"ಬೇರಿಂಗ್ ತಿನ್ನೋದು ಚೈನಲ್ಲ, ನಿಮ್ಮಕ್ಕ."

ಇವರು ಸ್ನಾನಕ್ಕೆ ಹೋದಾಗ ತಮ್ಮ ಚೈನನ್ನು ಸಡಿಲಿಸಿದ. ಅವನು ಊರಿಗೆ ಹೊರಟ ಮೇಲೆ ಇವರು ಬಿಗಿದರು. ಮುಂದಿನ ಹಬ್ಬಕ್ಕೆ ಬಂದಾಗ ಅವನು ಮತ್ತೆ ಸಡಿಲಿಸಿದ, ಇವರು ಮತ್ತೆ ಬಿಗಿದರು. ಇಬ್ಬರ ನಡುವೆ ಆ ನಟ್ಟಿನ ಮೂಲೆಗಳೆಲ್ಲ ಸವೆದು, ಅದು ನಟ್ಟೋ ಗೋಲಿಯೋ ತಿಳಿಯದ ಹಾಗಾಯಿತು.

ಅದೇ ವರ್ಷದ ವೈಶಾಖದಲ್ಲಿ ರಾಯಲ್ಪಾಡಿನ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಮುಳಬಾಗಿಲಿನಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಓದಿದವಳು. "ಮೇಡಂ ಬರದೆ ನಾನು ಹಸೆಮಣೆ ಹತ್ತಲ್ಲ," ಅಂದಿದ್ದಳಂತೆ. ಮದುವೆ ಮಾಡಿಸುವವರು ನಮ್ಮವರೇ. ಹಾಗಾಗಿ ಇಬ್ಬರೂ ಬೆಳಗ್ಗೆ ಬೈಕಿನಲ್ಲಿ ಹೊರಟೆವು. ನನ್ನ ತೊಡೆಯ ಮೇಲೆ ಅವರ ಮಡಿಪಂಚೆ, ಪಂಚಪಾತ್ರೆ, ಪಂಚಾಂಗ ಇದ್ದ ಚೀಲ. ಅದಕ್ಕೆ ಮೊದಲಿನ ಭಾನುವಾರವಷ್ಟೇ ಚೈನಿಗೆ ವ್ರತ ಆಗಿತ್ತು.

ಶ್ರೀನಿವಾಸಪುರ ದಾಟುವವರೆಗೂ ಗೊರ್ ಗೊರ್. ದಾಟಿದ ಮೇಲೆ ರಸ್ತೆ ಕೆಟ್ಟಿತ್ತು, ಗೊರ್ ಜತೆಗೆ ಕಟ್ ಕಟ್ ಸೇರಿಕೊಂಡಿತು. ಎರಡೂ ಬದಿ ಮಾವಿನ ತೋಪು, ಕಾಯಿ ಜೋತಾಡುತ್ತಿದ್ದವು, ನಾನು ಅವನ್ನು ನೋಡುತ್ತ ಉಪ್ಪು ಖಾರದ ಯೋಚನೆಯಲ್ಲಿದ್ದೆ. ಒಂದು ಏರಿನಲ್ಲಿ ಗುಂಡಿ ಬಂತು. ಗಾಡಿ ಧಡಕ್ಕನೆ ಇಳಿಯಿತು, ಕೆಳಗೆ ಏನೋ ಫಟ್ಟೆಂದಿತು. ಎಂಜಿನ್ ಹುಚ್ಚು ಹಿಡಿದಂತೆ ಕೂಗತೊಡಗಿತು, ಗಾಡಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಜಾರಿತು.

ಇಳಿದು ನೋಡಿದರೆ ಚೈನು ತುಂಡಾಗಿ ಕವರಿನೊಳಗೆ ಸುತ್ತಿಕೊಂಡಿತ್ತು. ನಮ್ಮವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಎರಡು ಕೈಯನ್ನೂ ಒಳಗೆ ತೂರಿಸಿ ಎಳೆದರು. ಚೈನು ಬರಲಿಲ್ಲ, ಮಸಿ ಬಂತು. ಅಷ್ಟು ದಿನದ ಶನಿದೇವರ ಎಣ್ಣೆ ಧೂಳಿನ ಜತೆ ಸೇರಿ ಒಳ್ಳೆ ಕಾಡಿಗೆಯಾಗಿತ್ತು. ಮೊಣಕೈವರೆಗೆ ಕಪ್ಪಾಗಿ ಎದ್ದು ನಿಂತು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅಂದರು:

"ನಾನು ಬಡ್ಕೊಂಡೆ. ನೀನು ಬಸ್ಸಲ್ಲಿ ಬಾ ಅಂತ."

"ಯಾವಾಗ ಅಂದ್ರಿ?"

"ಮನಸಲ್ಲಿ ಅಂದ್ಕೊಂಡೆ."

ಹೋಗಿ ಮಾವಿನ ಮರದ ಕೆಳಗೆ ಕೂತೆ. ತೋಪಿನ ಕಾವಲುಗಾರ ಮುದುಕ ಬಂದು ಗಾಡಿಯನ್ನು ನೋಡಿ, ಇವರನ್ನು ನೋಡಿ, ನನ್ನನ್ನು ನೋಡಿ, ತೆಲುಗಿನಲ್ಲಿ ಏನೋ ಗೊಣಗಿ ನನಗೊಂದು ಕಾಯಿ ಕೊಟ್ಟ. ಆ ದಿನ ನನಗೆ ಸಿಕ್ಕಿದ ಮೊದಲ ಮರ್ಯಾದೆ ಅದು.

ಮುಹೂರ್ತ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಮದನಪಲ್ಲಿ ಮಂಡಿಗೆ ಟೊಮೆಟೊ ಹೊತ್ತ ಟ್ರಾಕ್ಟರೊಂದು ಬಂತು. ಓಡಿಸುತ್ತಿದ್ದವನು ನಮ್ಮವರ ಜುಟ್ಟು, ಕರಿ ಕೈ ನೋಡಿ ನಿಲ್ಲಿಸಿದ.

"ಏಮೈಂದಿ ಸ್ವಾಮೀ?" ಏನಾಯಿತೆಂದು ಕೇಳಿದ.

ಇವರು ತೆಲುಗಿನಲ್ಲೇ ಮದುವೆಯ ವಿಷಯ ಹೇಳಿದರು. "ಎಕ್ಕಂಡಿ, ಎಕ್ಕಂಡಿ," ಎಂದು ಹತ್ತಿಸಿಕೊಂಡ. ಗಾಡಿಯನ್ನು ಕಾವಲುಗಾರನಿಗೆ ಒಪ್ಪಿಸಿ, ಇಬ್ಬರೂ ಟೊಮೆಟೊ ಪೆಟ್ಟಿಗೆಗಳ ಮೇಲೆ ಕೂತೆವು. "ಮೆಲ್ಲಗೆ ಕೂತ್ಕೋ, ಹಣ್ಣು," ಅಂದರು ನಮ್ಮವರು. ಅವರ ಅದೃಷ್ಟಕ್ಕೆ ನನ್ನ ಕೈಯಲ್ಲಿದ್ದದ್ದು ಮಾವಿನಕಾಯಿಯಷ್ಟೇ.

ಪಂಚಪಾತ್ರೆಯ ನೀರೆಲ್ಲ ಸುರಿದುಕೊಂಡರೂ ಮಸಿ ಹೋಗಲಿಲ್ಲ. ಚಪ್ಪರಕ್ಕೆ ತಲುಪಿದಾಗ ವರನ ಸೋದರಮಾವ ಕೈಗಡಿಯಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಮುಹೂರ್ತ ದಾಟಿಹೋಯಿತಲ್ಲ ಸ್ವಾಮಿ ಎಂದು ಗಲಾಟೆ ತೆಗೆದ. ನಮ್ಮವರು ಒಂದು ಚೂರೂ ಹೆದರಲಿಲ್ಲ. ಪಂಚಾಂಗ ಬಿಚ್ಚಿ, "ಎಲ್ಲಿ ದಾಟಿದೆ? ನೋಡಿ ಇಲ್ಲಿ," ಎಂದು ಆ ದಿನದ ಸಾಲಿನುದ್ದಕ್ಕೂ ತೋರುಬೆರಳು ಎಳೆದರು. ಸಾಲಿನ ಮೇಲೆ ಮಸಿಯ ಪಟ್ಟೆ ಬಿದ್ದು ಅಕ್ಷರವೆಲ್ಲ ಮುಚ್ಚಿಹೋಯಿತು. ಸೋದರಮಾವ ಬಗ್ಗಿ ಬಗ್ಗಿ ನೋಡಿದ. ಓದಲು ಏನೂ ಉಳಿದಿರಲಿಲ್ಲ. "ನಿಮ್ಮ ವಾಚು ಮುಂದಕ್ಕೆ ಓಡ್ತಿದೆ," ಎಂದು ಹೇಳಿ ನಮ್ಮವರು ಮಣೆಯ ಮೇಲೆ ಕೂತರು.

ಅಕ್ಷತೆ ಕಪ್ಪಾಯಿತು. ತಾಳಿಯನ್ನು ಮುಟ್ಟಿ ಆಶೀರ್ವದಿಸುವಾಗ ಅದರ ಅರಿಶಿನದ ದಾರವೂ ಕಪ್ಪಾಯಿತು. ಹುಡುಗಿಯ ಕೆನ್ನೆಗೆ ಎಲ್ಲಿಂದಲೋ ಒಂದು ಮಸಿ ಬೊಟ್ಟು ಅಂಟಿತು. ಹೆಂಗಸರೆಲ್ಲ, ದೃಷ್ಟಿಯಾಗಬಾರದೆಂದು ಸ್ವಾಮಿಗಳೇ ಇಟ್ಟರು ಎಂದು ಕೈಮುಗಿದರು. ನನ್ನ ವಿದ್ಯಾರ್ಥಿನಿ ಮಾತ್ರ ತಲೆ ತಗ್ಗಿಸಿಕೊಂಡು ನನ್ನ ಕಡೆ ನೋಡಿ ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದಳು. ನನಗೂ ನಗು ಬಂದಿತ್ತು. ಕೋಪ ಅರ್ಧ ಇಳಿದಿತ್ತು ಅನ್ನಬಹುದು.

ಊಟಕ್ಕೆ ಕೂತಾಗ ಯಾರೋ ತಡವಾದದ್ದು ಯಾಕೆಂದು ಕೇಳಿದರು. ನಮ್ಮವರು ಪಂಕ್ತಿಗೆಲ್ಲ ಕೇಳುವ ಹಾಗೆ, "ಏನ್ಮಾಡೋದು, ಇವಳು ಕೂತಳು, ಚೈನ್ ಕಿತ್ತುಹೋಯ್ತು," ಅಂದರು. ಚಪ್ಪರವೇ ನಕ್ಕಿತು. ಬಡಿಸುವವನೂ ನಕ್ಕ. ನಗುತ್ತ ನಗುತ್ತ ನನ್ನ ಎಲೆಯ ಮುಂದೆ ಬಂದು, ಹೋಳಿಗೆ ಹಾಕಲೋ ಬೇಡವೋ ಎಂದು ಅನುಮಾನದಿಂದ ನಿಂತ.

ಆ ನಿಲ್ಲುವಿಕೆ ನನಗೆ ಚುಚ್ಚಿತು. ಶಾಲೆಯಲ್ಲಿ ಮಕ್ಕಳು ನನ್ನ ಹಿಂದೆ ಆನೆ ನಡೆದಂತೆ ನಡೆದು ತೋರಿಸುತ್ತಿದ್ದರೆಂದು ನನಗೆ ಗೊತ್ತಿತ್ತು, ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳಲ್ಲ. ಆದರೆ ಗುರುತೇ ಇಲ್ಲದ ಊರಿನಲ್ಲಿ, ಕಟ್ಟಿಕೊಂಡ ಗಂಡನೇ ನಗಿಸಿದ ನಗು ಬೇರೆ. ಕಣ್ಣು ತುಂಬಿ ಬಂತು. ಎರಡು ಹೋಳಿಗೆ ಹಾಕಿಸಿಕೊಂಡು, ತುಪ್ಪ ಸುರಿಸಿಕೊಂಡು, ಯಾರ ಮುಖವನ್ನೂ ನೋಡದೆ ತಿಂದೆ. ಊಟವಾದ ಮೇಲೆ ಬಸ್ಸು ಹಿಡಿದು ಒಬ್ಬಳೇ ಊರಿಗೆ ಬಂದೆ.

ಗಾಡಿ ಶ್ರೀನಿವಾಸಪುರದ ಮೇಸ್ತ್ರಿಯ ಹತ್ತಿರ ರಿಪೇರಿಯಾಗಿ, ಹೊಸ ಚೈನು, ಹೊಸ ಹಲ್ಲುಚಕ್ರ ಹಾಕಿಸಿಕೊಂಡು ಮನೆಗೆ ಬಂತು. ಭಾನುವಾರ ಬಂತು. ಮಣೆ, ಎಣ್ಣೆ, ಸ್ಪ್ಯಾನರ್. ನಾನು ಆ ಗಾಡಿ ಹತ್ತುವುದನ್ನೇ ಬಿಟ್ಟುಬಿಟ್ಟೆ. ಶಾಲೆಗೆ ನಡೆದು ಹೋಗುತ್ತಿದ್ದೆ, ಕೋಲಾರಕ್ಕೆ ಹೋಗಬೇಕೆಂದರೆ ಬಸ್ಸು. ನಮ್ಮವರು ಮದುವೆಮನೆಯಿಂದ ಅಕ್ಕಿಬೇಳೆಯ ಮೂಟೆ, ಬಾಳೆಗೊನೆ ಹಿಂದಿನ ಸೀಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಒಂದು ದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಒಳಗೆ ಬಂದು ನೀರು ಕುಡಿದು, ಹೇಳಲೋ ಬೇಡವೋ ಎಂಬಂತೆ ಹೇಳಿದರು:

"ಮೂಟೆ ಹಾಕಿದ್ರೂ ಗೊರ್ ಅಂತಿದೆ."

"ಮೂಟೇನೂ ದೋಸೆ ತಿಂದಿರ್ಬೇಕು," ಅಂದೆ.

ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಂಡು ತಮ್ಮ ಬಂದ. ಬಾಗಿನವನ್ನು ನನ್ನ ಕೈಗೆ ಕೊಟ್ಟದ್ದೇ ತಡ, ಹೊರಗೆ ಹೋಗಿ ಬಿರಡೆ ಕಿತ್ತ. ಭಾವ ಮೈದುನರ ವಾದ ಶುರುವಾಯಿತು. ಈ ಸಲ ನಮ್ಮವರು ಸಾಕ್ಷಿ ಸಮೇತ ತೋರಿಸುತ್ತೇನೆಂದು ಹೊರಟರು. ದೊಡ್ಡ ಸ್ಟ್ಯಾಂಡಿನ ಮೇಲಿದ್ದ ಗಾಡಿಯನ್ನು ಇಳಿಸಿ, ಜಗಲಿಯ ಪಕ್ಕಕ್ಕೆ ತಂದು ಓರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಹೊಸ ಚೈನು ಓಡಿ ಕೊಂಚ ಹಿಗ್ಗಿತ್ತು, ಆ ವಾರ ಇನ್ನೂ ಬಿಗಿದಿರಲಿಲ್ಲ. ಕೆಳಗೆ ಕೂತು ಬೆರಳು ತೂರಿಸಿ, "ಬಾ ನೋಡು, ಬೆರಳು ಆಡುತ್ತೆ. ಬೇಕಾದಷ್ಟು ಜಾಗ ಇದೆ. ಚೈನಿನ ತಪ್ಪೇನೂ ಇಲ್ಲ ಕಣಯ್ಯ, ಹೊರೋ ಭಾರದ್ದು ತಪ್ಪು," ಅಂದರು.

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ನನಗೆ ಆ ಚಪ್ಪರ, ಆ ಪಂಕ್ತಿ, ಬಡಿಸುವವನ ಕೈಯಲ್ಲಿದ್ದ ಹೋಳಿಗೆ ಎಲ್ಲ ಒಟ್ಟಿಗೆ ನೆನಪಾದವು. ಮೊರವನ್ನು ತಮ್ಮನ ಕೈಗೆ ತುರುಕಿದೆ. ಸೀರೆ ಎತ್ತಿ ಕಟ್ಟಿ, ಜಗಲಿಯಿಂದ ನೇರವಾಗಿ ಹಿಂದಿನ ಸೀಟಿನ ಮೇಲೆ ಧೊಪ್ಪನೆ ಕೂತೆ.

"ತಗೊಳ್ಳಿ. ಈಗ ಹೇಳಿ ಭಾರದ ವಿಷಯ."

ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. "ಅಯ್ಯಯ್ಯೋ! ಬೆರಳು! ಬೆರಳು! ಇಳಿಯೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡರು. ನಾನು ಕೂತ ಕೂಡಲೇ ಸೀಟು ಕುಸಿದು, ಹಿಂದಿನ ಚಕ್ರ ಮೇಲಕ್ಕೇರಿ, ಆಡುತ್ತಿದ್ದ ಚೈನು ಸೆಟೆದುಕೊಂಡು, ಅವರ ಬೆರಳನ್ನು ಕವರಿನ ತೂತಿನ ಅಂಚಿಗೆ ಒತ್ತಿಹಿಡಿದಿತ್ತು. ಎದುರುಮನೆಯವರು ಓಡಿಬಂದರು. ಅವರ ಕಣ್ಣಿಗೆ ಬಿದ್ದದ್ದು, ನೆಲದಲ್ಲಿ ಕೂತು ಕೂಗಾಡುತ್ತಿರುವ ಪುರೋಹಿತರು, ಅವರ ಜುಟ್ಟಿಗೆ ತಾಗುವಂತೆ ಇಳಿಬಿಟ್ಟ ನನ್ನೆರಡು ಕಾಲು, ಪಕ್ಕದಲ್ಲಿ ಮೊರ ಹಿಡಿದ ಗಂಡಸು. ಏನು ಪೂಜೆಯೆಂದು ಕೇಳಿದರೆ ಆಶ್ಚರ್ಯವಿರಲಿಲ್ಲ.

ಇಳಿದೆ. ಬೆರಳು ಹೊರಗೆ ಬಂತು. ಕೆಂಪಗಾಗಿತ್ತು, ಮುರಿದಿರಲಿಲ್ಲ. ನಾನು ಅರಿಶಿನ ತರಲು ತಿರುಗಿದೆ.

"ನಿಲ್ಲು," ಅಂದರು ನಮ್ಮವರು. ಬೆರಳನ್ನು ಬಾಯಲ್ಲಿಟ್ಟುಕೊಂಡು ಚೈನನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಕೂತ್ಕೋ."

"ಇನ್ನೊಂದು ಬೆರಳು ಕೊಡ್ತೀರಾ?"

ಈ ಸಲ ಬೆರಳಿನ ಬದಲು ಸ್ಕ್ರೂಡ್ರೈವರ್ ತೂರಿಸಿದರು. ಕೂತೆ. ಸ್ಕ್ರೂಡ್ರೈವರ್ ಅಲ್ಲಾಡಲಿಲ್ಲ. ಎದ್ದೆ. ಅಲ್ಲಾಡಿತು. ಆಮೇಲೆ ನನ್ನನ್ನು ಇಳಿಸಿ ತಮ್ಮನನ್ನು ಕೂರಿಸಿದರು. ಅವನೇನೂ ದಪ್ಪವಿರಲಿಲ್ಲ, ಆದರೂ ಚೈನು ಅರ್ಧಕ್ಕರ್ಧ ಬಿಗಿದುಕೊಂಡಿತು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹತ್ತಿಸಿದರು. ಚಕ್ರ ನೆಲ ಬಿಟ್ಟು ಜೋತಾಡಿತು, ಚೈನು ಮತ್ತೆ ಸಡಿಲ. ಇಷ್ಟು ದಿನ ಇವರು ಬಿಗಿಯುತ್ತಿದ್ದದ್ದು ಹೀಗೆ ಜೋತಾಡುವ ಚಕ್ರದ ಚೈನನ್ನು. ಜನ ಕೂತು ಚಕ್ರ ಮೇಲೆ ಬಂದರೆ ಅದು ತಾನಾಗಿಯೇ ಇನ್ನಷ್ಟು ಸೆಟೆದುಕೊಳ್ಳುತ್ತದೆಂದು ನೋಡಿರಲೇ ಇಲ್ಲ. ಹಾಗೆಂದು ತಮ್ಮನದೂ ಸರಿಯಿರಲಿಲ್ಲ. ಅವನ ಗಾಡಿಯ ಮೇಲೆ ನನ್ನನ್ನು ಕೂರಿಸಿ ನೋಡಿದರೆ, ನನ್ನಂಥ ನಾನು ಕೂತರೂ ಅದರ ಚೈನು ಬಿಗಿಯಾಗಲಿಲ್ಲ, ಹಗ್ಗದ ಹಾಗೆ ಜೋಲಾಡಿತು.

"ಇದು ಯಾವತ್ತೋ ಕಳಚಿ ಚಕ್ರಕ್ಕೆ ಸುತ್ಕೊಳ್ಳುತ್ತೆ ಕಣೋ," ಅಂದೆ ತಮ್ಮನಿಗೆ.

"ನೀನ್ಯಾವಾಗಕ್ಕ ಮೆಕ್ಯಾನಿಕ್ ಆದೆ?" ಅಂದ. ಆದರೂ ಹೊರಡುವ ಮೊದಲು ಬಿಗಿ ಮಾಡಿಕೊಂಡೇ ಹೋದ.

ನಮ್ಮವರು ನನ್ನಲ್ಲಿ ತಪ್ಪಾಯಿತೆಂದು ಕೇಳಲಿಲ್ಲ. ಕೇಳುವ ಜಾತಿಯವರಲ್ಲ ಬಿಡಿ. ದೇವರಲ್ಲಿ ಮಾತ್ರ ದಿನಾ ಸಂಸ್ಕೃತದಲ್ಲಿ ಕೇಳುತ್ತಾರೆ. ಆ ಸಂಜೆ ಚೈನನ್ನು ಸಡಿಲಿಸಿ, ನನ್ನನ್ನು ಕೂರಿಸಿ ನೋಡಿ, ಇನ್ನೊಂದಿಷ್ಟು ಸಡಿಲಿಸಿ, "ಒಂದು ರೌಂಡ್ ಹೋಗ್ಬರೋಣ ಬಾ," ಅಂದರು. ಊರ ಹೊರಗಿನವರೆಗೂ ಹೋದೆವು. ಸದ್ದಿಲ್ಲ. ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದರು. ಸದ್ದಿಲ್ಲ. ವಾಪಸು ಬರುವಾಗ ಬೇಕರಿಯ ಮುಂದೆ ನಿಲ್ಲಿಸಿ, "ಏನು ತಿಂತೀಯ?" ಅಂದರು. ಎಣಿಸದೆ ಕೊಡಿಸಿದರು. ಅದನ್ನು ನಾನು ಕ್ಷಮೆ ಎಂದೇ ಜಮಾ ಮಾಡಿಕೊಂಡೆ.

ಅಲ್ಲಿಂದ ಮುಂದೆ ಭಾನುವಾರದ ವ್ರತಕ್ಕೆ ನಾನೂ ಬೇಕಾದೆ. ಅವರು ಕೆಳಗೆ, ನಾನು ಮೇಲೆ. ಅವರೆಕಾಯಿ ಕಾಲದಲ್ಲಿ ಸೀಟಿನ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆ, ಪರೀಕ್ಷೆಯ ಕಾಲದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬೀದಿಯಲ್ಲಿ ಹೋಗುವ ಮಕ್ಕಳು "ನಮಸ್ತೇ ಮೇಡಂ" ಎಂದು ಕೂಗಿದರೆ, ಕೆಳಗಿನಿಂದ ನಮ್ಮವರು, "ಅಲ್ಲಾಡ್ಬೇಡ ಕಣೇ," ಅನ್ನುತ್ತಿದ್ದರು. ಕ್ರಮೇಣ ಇದು ಅವರೇ ಕಂಡುಹಿಡಿದ ಶಾಸ್ತ್ರವಾಯಿತು. ಉಪನಯನದ ಮನೆಗಳಲ್ಲಿ, ಹೋಮದ ಬಿಡುವಿನಲ್ಲಿ ಬೈಕಿದ್ದವರನ್ನೆಲ್ಲ ಗುಡ್ಡೆಹಾಕಿಕೊಂಡು, "ಲೋಡ್ ಹಾಕಿ ನೋಡ್ಬೇಕು ಕಣಯ್ಯ. ಖಾಲಿ ಗಾಡಿ ನೋಡಿ ಚೈನ್ ಬಿಗಿಯೋನು ಮೂರ್ಖ," ಎಂದು ಉಪದೇಶ ಮಾಡುತ್ತಿದ್ದರು. ಲೋಡ್ ಯಾರೆಂದು ಹೇಳುತ್ತಿರಲಿಲ್ಲ. ನಾನು ಅಲ್ಲಿದ್ದರೆ ಕೆಮ್ಮುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಅವರಿಗೆ ಕೋಲಾರದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಮುಖ ಒಡ್ಡಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಮತ್ತೆ ತೋರಿಸಲು ಹೋಗಬೇಕಾದ ದಿನ ತಮ್ಮ ಮಾಲೂರಿನಿಂದ ಬಸ್ಸಿನಲ್ಲಿ ಬಂದ, ಭಾವನನ್ನು ನಮ್ಮ ಬೈಕಿನಲ್ಲೇ ಕರೆದುಕೊಂಡು ಹೋಗಲು. ಗಾಡಿ ಬಹಳ ದಿನದಿಂದ ನಿಂತಿತ್ತು. ಹೊರಡುವ ಮೊದಲು ಚೈನು ನೋಡಲೇಬೇಕೆಂದು ನಮ್ಮವರ ಹಟ. ಬಗ್ಗುವ ಹಾಗಿಲ್ಲ. ತಮ್ಮನ ಕೈಗೆ ಸ್ಪ್ಯಾನರ್ ಕೊಡಲು ಮನಸ್ಸಿಲ್ಲ.

"ಇಲ್ಲಿ ಕೊಡಿ," ಎಂದು ನಾನೇ ಕಿತ್ತುಕೊಂಡೆ.

ಮಣೆ ನನಗೆ ಸಾಲದು, ಮೆಟ್ಟಿಲ ಮೇಲೆ ಕೂತೆ. ಅವರಿಬ್ಬರನ್ನೂ ಗಾಡಿಯ ಮೇಲೆ ಕೂರಿಸಿದೆ. ತಮ್ಮ ಮುಂದೆ, ನಮ್ಮವರು ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ. ಚೈನು ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲ, ಆದ್ದರಿಂದ ಗಾಡಿಯನ್ನು ಕೊಂಚ ಕೊಂಚ ಮುಂದಕ್ಕೆ ತಳ್ಳಿಸಿ, ಅತಿ ಬಿಗಿಯಾದ ಜಾಗ ಬಂದಾಗ ನಿಲ್ಲಿಸಿ ಸ್ಕ್ರೂಡ್ರೈವರ್ ಹಾಕಿ ನೋಡಿದೆ. ತುಸು ಸಡಿಲವಿತ್ತು. ಇಬ್ಬರನ್ನೂ ಇಳಿಸಿದೆ. ನಟ್ಟು ಕೈಗೆ ಬಗ್ಗಲಿಲ್ಲ. ಸ್ಪ್ಯಾನರಿನ ಮೇಲೆ ಒಂದು ಕಾಲಿಟ್ಟು ನಿಂತೆ. ಟಣ್ಣೆಂದು ಬಿಟ್ಟುಕೊಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು, ಎರಡು ಬದಿಯ ಗೀಟನ್ನೂ ಸರಿಮಾಡಿ, ನಟ್ಟು ಬಿಗಿದು, ಬ್ರೇಕಿನ ಕಡ್ಡಿಯನ್ನೂ ಸರಿಪಡಿಸಿ ಮತ್ತೆ ಇಬ್ಬರನ್ನೂ ಕೂರಿಸಿದೆ.

"ಇನ್ನೊಂಚೂರು ಬಿಗಿ ಮಾಡೇ," ಅಂದರು ನಮ್ಮವರು.

"ಬೇಡಕ್ಕ, ಇನ್ನೊಂಚೂರು ಬಿಡು," ಅಂದ ತಮ್ಮ.

"ಬಾಯ್ಮುಚ್ಕೊಂಡು ಕೂತ್ಕೊಳ್ಳಿ ಇಬ್ರೂ," ಅಂದೆ. "ಡಾಕ್ಟರಿಗೆ ಹೊತ್ತಾಗುತ್ತೆ."

ಬಿರಡೆಯನ್ನು ಒತ್ತಿ ಮುಚ್ಚಿದೆ. ತಮ್ಮ ಕಿಕ್ ಹೊಡೆದ. ನಮ್ಮವರು ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ತಮ್ಮನ ಭುಜ ಹಿಡಿದುಕೊಂಡರು. ಬೀದಿಯ ತಿರುವಿನವರೆಗೂ ಇಬ್ಬರೂ ಏನೋ ವಾದ ಮಾಡುತ್ತಲೇ ಹೋದರು. ಗಾಡಿಯ ಸದ್ದಿಗಿಂತ ಅವರದೇ ಜೋರಾಗಿತ್ತು. ನಾನು ಕೈಗೆ ಸೀಗೆಪುಡಿ ಹಚ್ಚಿ ಉಜ್ಜಿಕೊಂಡು, ಸ್ನಾನಕ್ಕೆ ನೀರು ಕಾಯಿಸಲು ಒಳಗೆ ಹೋದೆ.